ಅವರೆಕಾಲದಲ್ಲಿ ಬುಟ್ಟಿಚೆಂಡು

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕುಗಳನ್ನು ಜರಡಿ ಹಿಡಿದರೂ ಬ್ಯಾಸ್ಕೆಟ್‌ಬಾಲಿನ ವಿಷಯ ಮಾತನಾಡಲು ನನಗೆ ಇನ್ನೊಬ್ಬ ಮನುಷ್ಯ ಸಿಕ್ಕುವುದಿಲ್ಲ. ಬಾಯಿಗೆ ಬಂದದ್ದು ಹೇಳುತ್ತಿದ್ದೇನೆಂದು ತಿಳಿಯಬೇಡಿ, ಹುಡುಕಿ ಸೋತವನ ಮಾತಿದು. ಕ್ರಿಕೆಟ್ಟಿಗೆ ನಮ್ಮಲ್ಲಿ ವಕೀಲರಿದ್ದಾರೆ. ಸಕ್ಕರೆ ಕಾರ್ಖಾನೆಯ ಎಂಜಿನಿಯರುಗಳು ಸಂಜೆ ಬಿಳಿ ಷರಾಯಿ ಹಾಕಿಕೊಂಡು ಟೆನಿಸ್ ಆಡುತ್ತಾರೆ. ಕುಸ್ತಿಯ ಪಟ್ಟುಗಳ ಮೇಲೆ ನನ್ನ ಕ್ಷೌರಿಕನೇ ಉಪನ್ಯಾಸ ಕೊಡಬಲ್ಲ, ಕತ್ತಿ ನನ್ನ ಗಂಟಲ ಮೇಲಿರುವಾಗಲೇ ಕೊಡುತ್ತಾನೆ. ಬ್ಯಾಸ್ಕೆಟ್‌ಬಾಲ್ ಎಂದರೆ ಮಾತ್ರ ಎಲ್ಲರ ಮುಖದಲ್ಲೂ ಒಂದೇ ಬಗೆಯ ಕರುಣೆ. ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಡಿಸಿ ಎಂದು ಹೆಡ್‌ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ತೆಗೆದು, "ಮೇಷ್ಟ್ರೇ, ತಳವಿಲ್ಲದ ಬುಟ್ಟಿ ಬೇಕು ಅಂತ ನಾನು ಮೇಲಿನವರಿಗೆ ಬರೆದರೆ ನನ್ನನ್ನು ಏನಂದುಕೊಂಡಾರು?" ಅಂದರು. ಅವರ ಮಾತಿನಲ್ಲೂ ನ್ಯಾಯವಿತ್ತು, ಕಂಬದ ಆಸೆ ಬಿಟ್ಟೆ.

ಈ ಹುಚ್ಚು ನನಗೆ ಹತ್ತಿದ್ದು ಮೈಸೂರಿನಲ್ಲಿ ಕಾಲೇಜು ಓದುವಾಗ. ಮಂಡ್ಯದ ಪಕ್ಕದ ನಮ್ಮೂರು ಹೊಳಲಿನ ಗದ್ದೆ ಬದುವಿನಿಂದ ನೇರವಾಗಿ ಹೋಗಿ ಹಾಸ್ಟೆಲು ಸೇರಿದವನು ನಾನು. ಎತ್ತರವಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಟೀಮಿಗೆ ಸೇರಿಸಿಕೊಂಡರು. ಎತ್ತರದ ಜೊತೆಗೆ ಇನ್ನೂ ಏನೋ ಬೇಕಾಗುತ್ತದೆ ಎಂಬುದು ಅವರಿಗೆ ತಡವಾಗಿ ತಿಳಿಯಿತು. ಅಂದಿನಿಂದ ನಾನು ಸ್ಪೇರ್. ಸ್ಪೇರ್ ಎಂದರೆ ಆಡುವ ಐವರ ಕೋಟು, ಗಡಿಯಾರ, ಒಬ್ಬಿಬ್ಬರು ಜನಿವಾರದಿಂದ ಬಿಚ್ಚಿ ಕೊಟ್ಟ ಬೀಗದ ಕೈ, ಇಷ್ಟನ್ನೂ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂರುವವನು. ಒಂದೇ ಒಂದು ಸಲ, ಒಬ್ಬನ ಕಾಲು ಉಳುಕಿದಾಗ, ನನ್ನನ್ನು ಒಳಕ್ಕೆ ಕರೆದರು. ಚೆಂಡು ನನ್ನ ಕೈಗೆ ಬರುವ ಮೊದಲೇ ಸೀಟಿ ಊದಿ ಆಟ ಮುಗಿಸಿಬಿಟ್ಟರು. ಆದರೂ ಹೇಳುತ್ತೇನೆ, ಬೆಂಚಿನ ಮೇಲೆ ಕೂತವನಷ್ಟು ಚೆನ್ನಾಗಿ ಆಟವನ್ನು ಕಂಡವರು ಯಾರೂ ಇಲ್ಲ. ಆಡುವವನಿಗೆ ಚೆಂಡು ಮಾತ್ರ ಕಾಣುತ್ತದೆ, ಸ್ಪೇರ್‌ಗೆ ಹತ್ತು ಜನವೂ ಕಾಣುತ್ತಾರೆ.

ಈ ಆಟ ಹುಟ್ಟಿದ್ದೇ ಚಳಿಗಾಲದ ಬೇಜಾರಿನಿಂದ ಎಂದು ನಮ್ಮ ಡ್ರಿಲ್ ಮಾಸ್ತರು ಹೇಳುತ್ತಿದ್ದರು. ಅಮೆರಿಕದಲ್ಲಿ ಹೊರಗೆಲ್ಲ ಹಿಮ ಬಿದ್ದು, ಹುಡುಗರು ಒಳಗೆ ಸೇರಿಕೊಂಡು ದಾಂಧಲೆ ಎಬ್ಬಿಸಿದಾಗ, ಅಲ್ಲಿಯ ಒಬ್ಬ ಮೇಷ್ಟ್ರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, "ಇದಕ್ಕೆ ಚೆಂಡು ಹಾಕಿ, ನನ್ನ ತಲೆ ತಿನ್ನಬೇಡಿ" ಎಂದರಂತೆ. ಮೊದಮೊದಲು ಬುಟ್ಟಿಗೆ ತಳವಿತ್ತಂತೆ. ಪ್ರತಿ ಸಲವೂ ಏಣಿ ಹತ್ತಿ ಚೆಂಡು ತೆಗೆಯಬೇಕಾಗಿತ್ತಂತೆ. ತಳ ಕಿತ್ತರೆ ಕೆಲಸ ಹಗುರವಾಗುತ್ತದೆ ಎಂದು ಹೊಳೆಯಲು ಅಷ್ಟು ದೊಡ್ಡ ದೇಶಕ್ಕೂ ಕೆಲವು ಕಾಲ ಹಿಡಿಯಿತು. ನಮ್ಮ ದೇಶಕ್ಕೂ ಚೆಂಡಾಟ ಹೊಸದಲ್ಲ ಬಿಡಿ. ಹಳೆಯ ಕಾವ್ಯಗಳಲ್ಲಿ ರಾಜಕುಮಾರಿಯರು ಉಪವನದಲ್ಲಿ ಚೆಂಡಾಡುತ್ತಾರೆ. ಕವಿಯ ಕಣ್ಣು ಮಾತ್ರ ಚೆಂಡಿನ ಮೇಲಿರದೆ ಬೇರೆಲ್ಲೋ ಇರುವುದರಿಂದ, ಕೊನೆಗೆ ಗೆದ್ದವರು ಯಾರೆಂದು ತಿಳಿಯುವುದೇ ಇಲ್ಲ.

ನಮ್ಮ ಕಡೆಯ ಚಳಿಗಾಲದಲ್ಲಿ ಹಿಮವಿಲ್ಲ, ಅವರೆಕಾಯಿ ಇದೆ. ಬೆಳಗಿನ ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು, ಸೊಗಡು ಹೆಚ್ಚಿದಷ್ಟೂ ಹೆಣ್ಣುಮಕ್ಕಳಿಗೆ ತವರಿನ ನೆನಪು ಹೆಚ್ಚು. ನನ್ನ ಹೆಂಡತಿ ದೇವೀರಮ್ಮನ ತವರು ಮಳವಳ್ಳಿಯ ಪಕ್ಕದ ಒಂದು ಸಣ್ಣ ಹಳ್ಳಿ. ಕ್ರಿಸ್‌ಮಸ್ ರಜ ಬಂತೆಂದರೆ ಅಧಿಕಾರಿಗಳ ಸಂಸಾರಗಳು ಶಿವನಸಮುದ್ರದ ಬಂಗಲೆಗೆ ಹಾಸಿಗೆ ಸುತ್ತಿಕೊಂಡು ಹೊರಡುತ್ತಿದ್ದವು. "ನಮ್ಗೂ ಒಂದು ಬಂಗ್ಲೆ ಅದೆ ಏಳಿ" ಎಂದು ದೇವೀರಮ್ಮ ನನ್ನನ್ನು ಹೊರಡಿಸುತ್ತಿದ್ದಳು. ಮಂಡ್ಯದಿಂದ ಮದ್ದೂರಿಗೆ ರೈಲು, ಅಲ್ಲಿಂದ ಮಳವಳ್ಳಿಗೆ ಬಸ್ಸು, ಆಮೇಲೆ ಅವಳ ತಮ್ಮ ಮರಿಗೌಡನ ಗಾಡಿ. ಅಕ್ಕತಂಗಿಯರು, ಅವರ ಮಕ್ಕಳು, ಎಲ್ಲರೂ ಬಂದು ಸೇರುತ್ತಿದ್ದರು. ರಜ ಮುಗಿಯುವ ತನಕ ಬೆಳಗ್ಗೆ ಅವರೆ, ಮಧ್ಯಾಹ್ನ ಅವರೆ, ರಾತ್ರಿಗೂ ಅವರೆಯೇ.

ನಮ್ಮ ಕಾಲೇಜಿಗೂ ಬೆಂಗಳೂರಿನ ಕಾಲೇಜಿಗೂ ವರ್ಷಕ್ಕೊಂದು ಪಂದ್ಯ ನಡೆಯುವುದು ಈ ರಜ ಶುರುವಾಗುವ ಹೊತ್ತಿನಲ್ಲೇ. ನಾನು ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಆಟ ನೋಡಿ, ನಮ್ಮವರು ಸೋಲುವುದನ್ನು ಕಣ್ಣಾರೆ ಕಂಡು ಬರುತ್ತಿದ್ದೆ. ವರ್ಷ ವರ್ಷವೂ ಸೋಲು, ಸೋಲಿನಲ್ಲಿ ನಮ್ಮವರು ಎತ್ತಿದ ಕೈ. ಮಾವನ ಮನೆಯಲ್ಲಿ ಸಂಜೆ ನೆನೆದ ಅವರೆಕಾಳಿನ ರಾಶಿಯ ಸುತ್ತ ಎಲ್ಲರೂ ಕೂತು ಹಿದುಕುವಾಗ, ನಾನು ಆ ಪಂದ್ಯವನ್ನು ದೇವೀರಮ್ಮನಿಗೆ ಮೊದಲಿನಿಂದ ಹೇಳುತ್ತಿದ್ದೆ. ಹಿದುಕುವುದು ಎಂದರೆ ಕಾಳನ್ನು ಬೆರಳುಗಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಹಾರಿಸುವುದು. ಕೈಗೆ ಕೆಲಸ, ಕಿವಿಗೆ ಬಿಡುವು, ಮಾತುಗಾರನಿಗೆ ಅದಕ್ಕಿಂತ ಒಳ್ಳೆಯ ಸಭೆ ಇಲ್ಲ. ಮೊರದ ಮೇಲೆ ಈ ಕಡೆ ಐದು ಅವರೆಕಾಳು, ಆ ಕಡೆ ಐದು ಹುಣಿಸೇಬೀಜ ಇಟ್ಟು ಯಾರು ಎಲ್ಲಿ ನಿಂತಿದ್ದರು, ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲ ತೋರಿಸುತ್ತಿದ್ದೆ. ಅವಳು ಬೆರಗಾಗಬೇಕಾದಲ್ಲಿ ಬೆರಗಾಗುತ್ತಿದ್ದಳು, ಮರುಗಬೇಕಾದಲ್ಲಿ ಮರುಗುತ್ತಿದ್ದಳು. ಅಕ್ಷರ ಬರದವಳು ಇಂಥ ಆಟವನ್ನು ಇಷ್ಟು ಬೇಗ ತಿಳಿದುಕೊಂಡಳಲ್ಲ ಎಂದು ನನಗೆ ಹೆಮ್ಮೆ. ಒಳ್ಳೆಯ ಮೇಷ್ಟ್ರು ನಾನು ಎಂಬ ಹೆಮ್ಮೆಯೂ ಅದರ ಹಿಂದೆಯೇ ಇತ್ತು.

ಅತ್ತೆ ಮಾತ್ರ ಆ ಸಭೆಗೆ ಬರುತ್ತಿರಲಿಲ್ಲ. ನಮ್ಮ ಕಡೆ ಅತ್ತೆಯಾದವರು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತನಾಡುವುದೂ ಇಲ್ಲ. ಅವರು ಅಡಿಗೆಮನೆಯ ಬಾಗಿಲ ಮರೆಯಲ್ಲಿ ತಮ್ಮ ಪಾಲಿನ ಕಾಳು ಹಿದುಕುತ್ತ ಕೂತಿರುತ್ತಿದ್ದರು. ನನಗೆ ಹೇಳಬೇಕಾದದ್ದೆಲ್ಲ ಮಗಳ ಮೂಲಕ ಬರುತ್ತಿತ್ತು: "ಇನ್ನೊಂದು ಮುದ್ದೆ ಇಕ್ಸ್‌ಕತಾರಂತ ಕೇಳವ್ವ." ನಾನೂ ದೇವೀರಮ್ಮನಿಗೇ ಹೇಳುತ್ತಿದ್ದೆ: "ಸಾಕಂತೆ ಅನ್ನು." ಒಂದೇ ಮನೆಯಲ್ಲಿದ್ದು ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಇದರಲ್ಲಿ ಯಾರಿಗೂ ಯಾವ ಕಷ್ಟವೂ ಆಗಿರಲಿಲ್ಲ, ನಡುವೆ ದೇವೀರಮ್ಮ ಇದ್ದಳಲ್ಲ.

ಹೋದ ವೈಶಾಖದಲ್ಲಿ ಅವಳು ತೀರಿಕೊಂಡಳು. ನಾಲೆ ಬಂದ ಮೇಲೆ ನಮ್ಮ ಕಡೆಗೆ ಕಬ್ಬೂ ಬಂತು, ಚಳಿಜ್ವರವೂ ಬಂತು. ಅವಳಿಗೆ ಸಿಕ್ಕಿದ್ದು ಎರಡನೆಯದು. ನಮಗೆ ಮಕ್ಕಳಿಲ್ಲ. ಮಂಡ್ಯದ ಗುತ್ತಲಿನ ಬಾಡಿಗೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಒಂಟಿಯಾಗಿರುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ, ಯಾವ ಹೊತ್ತಿನಲ್ಲಿ ಕಷ್ಟ ಎಂದು ಯಾರೂ ಹೇಳುವುದಿಲ್ಲ. ಅಡಿಗೆ ಮಾಡಿಕೊಳ್ಳುವುದು ಕಷ್ಟವಲ್ಲ, ಅನ್ನ ಮುದ್ದೆಯಾದರೆ ಮುದ್ದೆ ಎಂದುಕೊಂಡೇ ಉಣ್ಣಬಹುದು. ಶಾಲೆಯಲ್ಲಿ ಏನೋ ಒಂದು ತಮಾಷೆ ನಡೆಯುತ್ತದೆ, ಮನೆಗೆ ಹೋಗಿ ಹೇಳಬೇಕು ಎಂದು ಕಾಲು ಬೇಗ ಬೇಗ ಬೀಳುತ್ತದೆ, ಬಾಗಿಲಿಗೆ ಬೀಗ ಹಾಕಿರುವುದು ಕಾಣುತ್ತದೆ. ಕಷ್ಟ ಆ ಹೊತ್ತಿನದು. ಜೊತೆಯ ಮೇಷ್ಟ್ರುಗಳು ನನಗೆ ಹೆಣ್ಣು ಹುಡುಕಲು ಶುರುಮಾಡಿದ್ದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಚಳಿ ಬಿತ್ತು, ಅವರೆಕಾಯಿ ಮಾರುಕಟ್ಟೆಗೆ ಬಂತು. ನಾನು ಈ ಸಲ ಮಳವಳ್ಳಿಗೆ ಹೋಗುವ ಮಾತಿರಲಿಲ್ಲ. ಹೆಂಡತಿ ಹೋದ ಮೇಲೆ, ಮಕ್ಕಳೂ ಇಲ್ಲದವನು, ಮಾವನ ಮನೆಗೆ ಯಾವ ಲೆಕ್ಕದಲ್ಲಿ ಹೋಗಬೇಕು? ಹಬ್ಬಕ್ಕೆ ಕರೆಯುವ ಅಳಿಯನೂ ಅಲ್ಲ, ದಾರಿಯಲ್ಲಿ ಬಂದು ಹೋಗುವ ನೆಂಟನೂ ಅಲ್ಲ. ಬೆಂಗಳೂರಿಗೆ ಹೋಗಿ ಪಂದ್ಯ ನೋಡೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಕಾರ್ಖಾನೆಗೆ ಕಬ್ಬು ಹೊಡೆದುಕೊಂಡು ಬಂದಿದ್ದ ಮರಿಗೌಡ ಒಂದು ಬೆಳಗ್ಗೆ ನನ್ನ ಬಾಗಿಲಿಗೆ ಬಂದು ನಿಂತ.

"ಬಾವ, ಓಗವ ನಡೀರಿ. ಅವ್ವ ಕರ್ಕಂಡ್ ಬಾ ಅಂದವ್ಳೆ."

"ನನ್ನನ್ನೇನೋ?"

"ಮತ್ತಿನ್ಯಾರ್ನ? ಅವ್ರೆಕಾಯಿ ಬಂದದೆ, ಬಾವ ಯಾಕ್ ಬಂದಿಲ್ಲ ಅಂತ ಒಂದೇ ಸಮ ನನ್ ತಲೆ ತಿಂತಾವ್ಳೆ. ನೀವ್ ಬರ್ದಿದ್ರೆ ನಾನೂ ಆ ಮನೆಗೆ ಓಗಂಗಿಲ್ಲ ಕನ ಬಾವ."

ರಜ ಶುರುವಾದ ದಿನ ಹೊರಟೆ. ಪಂದ್ಯ ಈ ವರ್ಷ ರಜದ ನಡುವೆಯೇ ಬಿದ್ದಿತ್ತು, ಆದ್ದರಿಂದ ಅದನ್ನು ಬಿಟ್ಟೇ ಹೊರಟೆ. ಅದು ತ್ಯಾಗವೇನಲ್ಲ. ನೋಡಿ ಬಂದು ಯಾರಿಗೆ ಹೇಳುವುದಿತ್ತು? ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸಿಗೆ ಕಾಯುತ್ತ ಕೂತಾಗ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದೇನೆ ಎಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ವೀಳ್ಯದೆಲೆಯ ಪೆಂಡಿ ಹೊತ್ತವನೊಬ್ಬ ಬಂದು, "ಒಸಿ ಸರ್ಕಳಿ ಸೋಮಿ" ಎಂದು ಆ ಜಾಗದಲ್ಲಿ ಪೆಂಡಿ ಇಟ್ಟ.

ಮಾವನ ಮನೆಯಲ್ಲಿ ಎಲ್ಲ ಹಾಗೆಯೇ ಇತ್ತು, ಅದೇ ತೊಂದರೆ. ಅದೇ ಮಕ್ಕಳ ಗಲಾಟೆ, ಕಣದಲ್ಲಿ ಅದೇ ರಾಗಿ ಮೆದೆ, ಅದೇ ಸೊಗಡು. ಯಾರೂ ಅವಳ ಹೆಸರೆತ್ತಲಿಲ್ಲ. ನನಗೆ ನೋವಾಗಬಾರದೆಂದು ಅವರು ಸುಮ್ಮನಿದ್ದರು, ಅವರಿಗೆ ನೋವಾಗಬಾರದೆಂದು ನಾನು ಸುಮ್ಮನಿದ್ದೆ. ಇಂಥ ಒಳ್ಳೆಯತನದಲ್ಲಿ ಉಸಿರು ಕಟ್ಟುತ್ತದೆ. ಊಟದ ಹೊತ್ತಿಗೆ ಬಾಗಿಲ ಮರೆಯಿಂದ ಅತ್ತೆಯ ಮಾತು ಬಂದರೆ ಅದನ್ನು ನನಗೆ ತಲುಪಿಸಲು ಈಗ ಯಾರಿಗೂ ನೆನಪಾಗುತ್ತಿರಲಿಲ್ಲ. ನನಗೂ ಕೇಳಿಸಿರುತ್ತಿತ್ತು, ಆದರೂ ಉತ್ತರವನ್ನು ಯಾರ ಕೈಯಲ್ಲಿ ಕೊಡಬೇಕೆಂದು ತಿಳಿಯದೆ ತಟ್ಟೆ ನೋಡುತ್ತ ಕೂರುತ್ತಿದ್ದೆ. ನಾಳೆಯೇ ಏನಾದರೂ ನೆಪ ಹೇಳಿ ಹೊರಟುಬಿಡೋಣ, ಇನ್ನು ಈ ಕಡೆಗೆ ಬರುವುದು ಬೇಡ ಎಂದು ಎರಡನೆಯ ದಿನಕ್ಕೇ ಅನ್ನಿಸಿತು.

ಅಷ್ಟರಲ್ಲಿ ಮರಿಗೌಡ ಗಾಡಿ ಕಟ್ಟಿ ಎಲ್ಲರನ್ನೂ ಶಿವನಸಮುದ್ರಕ್ಕೆ ಹೊರಡಿಸಿದ. ನಸುಕಿನಲ್ಲೇ ಕಂಬಳಿ ಹೊದ್ದು, ರಾಗಿರೊಟ್ಟಿ, ಉಚ್ಚೆಳ್ಳು ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಟೆವು. ಚಳಿಗಾಲದಲ್ಲಿ ಅಲ್ಲಿ ನೀರು ಕಡಿಮೆ. ಇದ್ದ ನೀರನ್ನೆಲ್ಲ ಕರೆಂಟಿಗೆ ತೆಗೆದುಕೊಂಡು, ಮಿಕ್ಕಿದ್ದನ್ನು ಬಂಡೆಯ ಮೇಲೆ ಬಿಡುತ್ತಾರೆ. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು, ಕಿರುಚಿ ಕುಣಿದರು. ನಾನು ಒಂದು ಬಂಡೆಯ ಮೇಲೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಅವತ್ತೇ ಪಂದ್ಯ. ಈಗ ಅವರು ಅಂಗಳಕ್ಕೆ ಇಳಿದಿರುತ್ತಾರೆ, ಈಗ ನಡುವೆ ನಿಂತ ಇಬ್ಬರ ಮಧ್ಯೆ ಚೆಂಡನ್ನು ಮೇಲಕ್ಕೆ ಎಸೆದಿರುತ್ತಾರೆ, ಬೆಂಚಿನ ಮೇಲೆ ನನ್ನಂಥವನೊಬ್ಬ ಕೋಟುಗಳನ್ನು ಹಿಡಿದುಕೊಂಡು ಕೂತಿರುತ್ತಾನೆ. ಎದುರಿಗೆ ನೀರು ಬೀಳುತ್ತಿತ್ತು. "ಬಾವ, ಎಂಗದೆ?" ಎಂದು ಮರಿಗೌಡ ಕೇಳಿದಾಗ, "ಇನ್ನೂ ಈಗ ಶುರುವಾಗಿದೆ" ಎಂದುಬಿಟ್ಟೆ. ಅವನು ನೀರನ್ನೂ ನೋಡಿ ನನ್ನನ್ನೂ ನೋಡಿ, ಎತ್ತುಗಳ ಹತ್ತಿರ ಹೋದ.

ಮಾರನೆಯ ದಿನ ಮಧ್ಯಾಹ್ನ ಮಳವಳ್ಳಿಗೆ ನಡೆದುಹೋದೆ. ಬೆಂಗಳೂರಿನ ಪತ್ರಿಕೆ ಬಸ್ಸಿನಲ್ಲಿ ಬಂದು ಅಲ್ಲಿಯ ವಾಚನಾಲಯ ಸೇರುತ್ತದೆ, ಇರುವುದು ಒಂದೇ ಪ್ರತಿ. ಅವತ್ತು ಬಸ್ಸು ನಿಡಘಟ್ಟದ ಹತ್ತಿರ ಪಂಕ್ಚರಾಗಿ ತಡವಾಗಿ ಬಂತು. ಪತ್ರಿಕೆ ಬಂದ ಕೂಡಲೇ ಕಚೇರಿಯ ಶಿರಸ್ತೇದಾರರೊಬ್ಬರ ಕೈ ಸೇರಿತು. ದೊಡ್ಡವರು, ಕೇಳುವ ಹಾಗಿಲ್ಲ. ಮೊದಲ ಪುಟದ ತಲೆಬರಹದಿಂದ ಹಿಡಿದು ತಲೆನೋವಿನ ಮುಲಾಮಿನ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಅವರು ಓದಿದರು. ನಾನು ಎದುರು ಬೆಂಚಿನ ಮೇಲೆ ಕೂತು ಅವರು ಹಾಳೆ ಮಗುಚಿದಾಗಲೆಲ್ಲ ಕತ್ತು ಚಾಚಿದೆ. ಕೊನೆಗೆ ಅವರಿಗೆ ಕನಿಕರ ಬಂತು.

"ಏನ್ರೀ ಮೇಷ್ಟ್ರೇ, ನಿಮ್ಮ ಕಡೆಯವರ ಪರೀಕ್ಷೆಯ ನಂಬರೇನಾದರೂ ಬರಬೇಕಿತ್ತೇ?"

"ಇಲ್ಲ ಸ್ವಾಮಿ. ಒಂದು ಆಟ. ಬ್ಯಾಸ್ಕೆಟ್‌ಬಾಲು."

"ಅದಕ್ಕೂ ಪೇಪರಿನಲ್ಲಿ ಜಾಗ ಕೊಡ್ತಾರೇನ್ರೀ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟು ಪತ್ರಿಕೆ ಕೊಟ್ಟರು.

ಕೊಟ್ಟಿದ್ದರು. ಒಂದು ಮೂಲೆಯಲ್ಲಿ ನಾಲ್ಕು ಸಾಲು. ನಮ್ಮವರು ಗೆದ್ದಿದ್ದರು. ಕಡೆಯ ಗಳಿಗೆಯಲ್ಲಿ ಬುಟ್ಟಿಗೆ ಬಿದ್ದ ಒಂದೇ ಚೆಂಡಿನಿಂದ ಗೆದ್ದಿದ್ದರು. ನಂಬಲಾಗದೆ ಮತ್ತೆ ಓದಿದೆ. ನಗು ತಡೆಯಲಾಗಲಿಲ್ಲ. ಶಿರಸ್ತೇದಾರರಿಗೆ ಹೇಳೋಣವೆಂದು ತಲೆಯೆತ್ತಿದರೆ ಅವರು ಕೊಡೆ ತೆಗೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

ಹಳ್ಳಿಗೆ ವಾಪಸು ನಡೆದದ್ದು ನನ್ನ ಬಾಳಿನ ಉದ್ದನೆಯ ದಾರಿ. ಸೋಲನ್ನು ಒಬ್ಬನೇ ನುಂಗಿಕೊಂಡು ಇರಬಹುದು, ನಮ್ಮ ಕಾಲೇಜಿನವರಿಗೆ ಅದು ಅಭ್ಯಾಸವಾಗಿತ್ತು. ಗೆಲುವನ್ನು ಒಬ್ಬನೇ ಇಟ್ಟುಕೊಂಡು ಏನು ಮಾಡುವುದು? ಅಷ್ಟು ವರ್ಷ ಸೋತು ಸೋತು, ಅವಳು ಇಲ್ಲದಾದ ವರ್ಷವೇ ಇವರು ಗೆಲ್ಲಬೇಕಿತ್ತೇ ಎಂದು ಆ ಹುಡುಗರ ಮೇಲೆ ಸಿಟ್ಟು ಬಂತು. ರಾಗಿ ಕೂಳೆಯ ಹೊಲದ ನಡುವೆ ನಿಂತು, "ಗೆದ್ದರು ಕಣೇ" ಎಂದು ಗಟ್ಟಿಯಾಗಿಯೇ ಹೇಳಿದೆ. ಯಾರೂ ಇರಲಿಲ್ಲ. ನಾಳೆ ಬೆಳಗ್ಗೆ ಹೊರಡುವುದೇ ಸರಿ ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ನಡುಮನೆಯಲ್ಲಿ ನೆನೆದ ಅವರೆಯ ರಾಶಿ ಸುರಿದುಕೊಂಡು ಎಲ್ಲರೂ ಕೂತಿದ್ದರು. ನಾನೂ ಒಂದು ಕಡೆ ಕೂತು ಹಿದುಕತೊಡಗಿದೆ. ತಡೆಯಲಾರದೆ ಮರಿಗೌಡನಿಗೆ, "ನಮ್ಮ ಕಾಲೇಜು ಗೆದ್ದಿತು ಕಣೋ" ಎಂದೆ. "ಔದಾ? ಒಳ್ಳೇದಾಯ್ತು ಬುಡಿ ಬಾವ" ಎಂದು ಅವನು ಎತ್ತಿಗೆ ಹುಲ್ಲು ಹಾಕಲು ಎದ್ದುಹೋದ. ಪಾಪ, ಅವನಾದರೂ ಇನ್ನೇನು ಹೇಳಿಯಾನು?

ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. "ಮರಿ, ಬುಟ್ಟಿ ಆಟ ಎಂಗಾಯ್ತಂತ ಕೇಳ್ಲಾ."

ಮರಿಗೌಡ ಇರಲಿಲ್ಲ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೈಯಲ್ಲಿದ್ದ ಕಾಳನ್ನೇ ನೋಡುತ್ತಿದ್ದೆ. ಆಮೇಲೆ ಬಾಗಿಲು ಸರಿಯಿತು. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಬಂದರು, ರಾಶಿಯ ಆಚೆ ಬದಿಗೆ ನನ್ನ ಎದುರಿಗೇ ಕೂತರು. ಮಕ್ಕಳು ಕೂಡ ಗಲಾಟೆ ನಿಲ್ಲಿಸಿದವು.

"ಯೋಳಿ" ಅಂದರು.

ಹೇಳಿದೆ. ಪತ್ರಿಕೆಯಲ್ಲಿದ್ದದ್ದು ನಾಲ್ಕು ಸಾಲು, ನಾನು ಹೇಳಿದ್ದು ಇಡೀ ಪಂದ್ಯ. ಯಾರು ಓಡಿದರು, ಯಾರು ಬಿದ್ದರು, ಎಲ್ಲವನ್ನೂ ಅಲ್ಲಿ ಕೂತೇ ಕಟ್ಟಿದೆ. ಅತ್ತೆ ಬೆರಳ ಕೆಲಸ ನಿಲ್ಲಿಸದೆ, "ಆಮ್ಯಾಕೆ?" ಅಂದರು. ಇನ್ನೊಂದಷ್ಟು ಹೇಳಿದೆ. "ಅಯ್ಯೋ ಸಿವನೇ!" ಅಂದರು. ಎಲ್ಲೂ ತಪ್ಪಲಿಲ್ಲ. ಅನ್ನಬೇಕಾದ ಜಾಗದಲ್ಲೇ, ದೇವೀರಮ್ಮ ಅನ್ನುತ್ತಿದ್ದ ಹಾಗೆಯೇ ಅಂದರು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದೆ.

"ಅತ್ತೆ, ನಿಮಗೆ ಈ ಆಟ ತಿಳಿಯುತ್ತದಾ?" ಎಂದು ಕೇಳಿದೆ. ಅದು ನಾನು ಅವರಿಗೆ ನೇರವಾಗಿ ಆಡಿದ ಮೊದಲನೆಯ ಮಾತು.

"ನಂಗೇನ್ ತಿಳೀತದಪ್ಪ? ಅವ್ಳಿಗೂ ತಿಳೀತಿರ್ನಿಲ್ಲ. ತಳ ಇಲ್ದಿರೋ ಬುಟ್ಟಿಗೆ ಯಾಕ್ ಆಕ್ತಾರವ್ವ ಅಂತ ಕೇಳುದ್ರೆ, ನಂಗೂ ಗೊತ್ತಿಲ್ಲ ಕನವ್ವ ಅಂದ್ಳು. ಅವ್ರು ಕೈ ಮ್ಯಾಕೆತ್ತುದ್ರೆ ಆಮ್ಯಾಕೆ ಅನ್ಬೇಕು, ತಲೆ ಬಗ್ಗುಸುದ್ರೆ ಅಯ್ಯೋ ಅನ್ಬೇಕು, ಅಷ್ಟೇಯ. ಯಾರಾರ ಕೇಳ್ತಾವ್ರೆ ಅಂದ್ರೆ ಅವ್ರ ಮಕ ಎಂಗಾಯ್ತದೆ ನೋಡವ್ವ, ಅಂದಿದ್ಳು. ಬಾಗ್ಲಿಂದೆ ಕೂತ್ಕಂಡು ನಾನೂ ನೋಡಿವ್ನಿ."

ಅಂದರೆ ಮೊರದ ಮೇಲಿನ ನನ್ನ ಪಾಠವೆಲ್ಲ ನೀರಿನಲ್ಲಿ ಹೋಮ! ಅಷ್ಟು ವರ್ಷ ಅವಳು ಆಟವನ್ನು ನೋಡಲೇ ಇಲ್ಲ, ನನ್ನ ಮುಖವನ್ನು ನೋಡುತ್ತ ಕೂತಿದ್ದಳು. ನಾನು ನಕ್ಕೆ, ನಗುತ್ತ ನಗುತ್ತಲೇ ಅತ್ತುಬಿಟ್ಟೆ. ಎದುರಿಗೆ ಅವರೂ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದರು. ವೈಶಾಖದಿಂದ ನಾವಿಬ್ಬರೂ ನಮ್ಮ ನಮ್ಮ ಬಾಗಿಲ ಹಿಂದೆ ಕೂತು ಒಬ್ಬೊಬ್ಬರೇ ಅತ್ತಿದ್ದೆವು, ಅವತ್ತು ಜೊತೆಯಲ್ಲಿ ಅತ್ತೆವು. ಆಮೇಲೆ ಅವರೇ, "ಅರ್ದಕ್ಕೇ ನಿಲ್ಲುಸ್ಬುಟ್ರಲ್ಲ, ಗೆಲ್ಸಿ ಮೊದ್ಲು" ಎಂದರು. ಗೆಲ್ಲಿಸಿದೆ.

ಆಟ ಮುಗಿದ ಮೇಲೆ ಅವರು ತಲೆಯೆತ್ತದೆ ಹೇಳಿದರು: "ನಿಮ್ಗೆ ಎಣ್ ನೋಡ್ತಾವ್ರಂತೆ, ಮರಿ ಯೋಳ್ದ. ಮದ್ವೆ ಆಗಿ. ಒಬ್ರೇ ಎಷ್ಟ್ ದಿನಾಂತ ಇದ್ದೀರಿ? ಆದ್ಮ್ಯಾಕೂ ಅವ್ರೆ ಕಾಲ್ಕೆ ಬರೋದು ನಿಲ್ಲುಸ್ಬ್ಯಾಡಿ. ಅವ್ಳ್ನೂ ಕರ್ಕಂಡ್ ಬನ್ನಿ."

"ಅವಳನ್ನೇ? ಈ ಮನೆಗೇ?"

"ಮತ್ತೆ? ನಿಮ್ ಆಟ ಎಂಗ್ ಕೇಳ್ಬೇಕು ಅಂತ ಆ ಎಣ್ಣಿಗೆ ಯಾರ್ ಯೋಳ್ಕೊಟ್ಟಾರು, ನಾನಲ್ದೆ?"

ಮಾರನೆಯ ಬೆಳಗ್ಗೆ ನಾನು ಹೊರಡಲಿಲ್ಲ, ರಜ ಮುಗಿಯುವ ತನಕ ಅಲ್ಲೇ ಇದ್ದೆ. ಆಟ ಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಇರಲಿ ಪಾಪ. ಮುಂದಿನ ಚಳಿಗಾಲಕ್ಕೂ ನಾನು ಹತ್ತುವುದು ಮಳವಳ್ಳಿಯ ಬಸ್ಸನ್ನೇ. ಒಬ್ಬನೇ ಹತ್ತುತ್ತೇನೋ ಇಬ್ಬರಾಗಿ ಹತ್ತುತ್ತೇವೋ, ಅದನ್ನು ಇನ್ನೂ ಹೇಳಲಾರೆ.